ಯಂತ್ರದಿಂದ ಹುಟ್ಟಿದ ಕಲೆಗೆ ಯಾವ ವಿಭಾಗ? ಲಿಂಟ್ಸ್ ಪ್ರಶಸ್ತಿಯ ಹಿನ್ನೆಲೆ ಮತ್ತು ಕೊಡಗು

ಕೊಡಗಿನ ಶಾಲೆಗಳಲ್ಲಿ, ರಾಜ್ಯದ ಉಳಿದೆಡೆಯಂತೆಯೇ, ಮಕ್ಕಳ ಕಲೆಗೆ ಪ್ರತಿಭಾ ಕಾರಂಜಿ ಇದೆ, ಅವರು ಕಟ್ಟುವ ಉಪಕರಣಗಳಿಗೆ ವಿಜ್ಞಾನ ವಸ್ತು ಪ್ರದರ್ಶನ ಇದೆ. ದುಡಿ ಎಂಬ ಕೊಡವರ ಪುಟ್ಟ ಚರ್ಮವಾದ್ಯದ ಬಡಿತವನ್ನು ಧ್ವನಿಮುದ್ರಿಸಿಕೊಂಡು, ಆ ಬಡಿತದ ಏರಿಳಿತಕ್ಕೆ ತಕ್ಕಂತೆ ಪರದೆಯ ಮೇಲೆ ಚಿತ್ರ ಮೂಡಿ ಅಳಿಯುವಂತೆ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿನಿಯೊಬ್ಬಳು ಈ ಎರಡರಲ್ಲಿ ಯಾವುದಕ್ಕೆ ಹೆಸರು ಕೊಡಬೇಕು ಎಂದು ಕೇಳಿದರೆ, ಹೇಳುವುದು ಕಷ್ಟ. ಸಾಹಿತ್ಯ, ಸಂಗೀತ, ಜಾನಪದ ಎಂದು ವಿಂಗಡಿಸಿಕೊಂಡೇ ಗೌರವ ಸಲ್ಲಿಸುವ ನಮ್ಮ ಅಕಾಡೆಮಿಗಳ ಮುಂದೆಯೂ ಇದೇ ತೊಡಕು ನಿಲ್ಲುತ್ತದೆ. ಜಗತ್ತಿನ ಮಟ್ಟದಲ್ಲಿ ಈ ಪ್ರಶ್ನೆಗೆ ಅರವತ್ತು ವರ್ಷ ತುಂಬಿದೆ. ಅದರೊಂದಿಗೆ ಅತಿ ಹೆಚ್ಚು ಕಾಲ ಬಹಿರಂಗವಾಗಿ ಸೆಣಸಿದ ಸಂಸ್ಥೆಗಳ ಪೈಕಿ ಮುಂಚೂಣಿಯಲ್ಲಿರುವುದು ಆಸ್ಟ್ರಿಯಾದ ಲಿಂಟ್ಸ್ ನಗರದಿಂದ ಕೊಡಲಾಗುವ ಪ್ರಿ ಆರ್ಸ್ ಎಲೆಕ್ಟ್ರಾನಿಕಾ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ.

ಪ್ರಶಸ್ತಿಗಿಂತ ಹಿಂದಿನ ಕಥೆಯನ್ನು ಮೊದಲು ನೋಡಬೇಕು. 1963ರಲ್ಲಿ ಅಮೆರಿಕದ 'ಕಂಪ್ಯೂಟರ್ಸ್ ಅಂಡ್ ಆಟೊಮೇಷನ್' ಪತ್ರಿಕೆ ಗಣಕದಿಂದ ರಚಿಸಿದ ಚಿತ್ರಗಳಿಗೆ ಸ್ಪರ್ಧೆ ಏರ್ಪಡಿಸಿದಾಗ ಬಹುಮಾನ ಹೋದದ್ದು ಗುಂಡು, ಕ್ಷಿಪಣಿಗಳ ಚಲನೆಯನ್ನು ಅಧ್ಯಯನ ಮಾಡುವ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯಕ್ಕೆ. ಯಂತ್ರ ಅಷ್ಟು ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಮುಟ್ಟಲು ಅವಕಾಶವಿದ್ದವರು ಸೇನೆಯವರು, ದೊಡ್ಡ ಕಂಪನಿಗಳ ಎಂಜಿನಿಯರುಗಳು, ವಿಶ್ವವಿದ್ಯಾಲಯದ ಗಣಿತಜ್ಞರು ಮಾತ್ರ. 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗೇಯೋರ್ಗ್ ನೇಸ್ ತನ್ನ ಗಣಕ ಚಿತ್ರಗಳನ್ನು ಪ್ರದರ್ಶಿಸಿದ. 1968ರಲ್ಲಿ ಲಂಡನ್ನಿನಲ್ಲಿ ಜೇಸಿಯಾ ರೈಖಾರ್ಟ್ ಅವರು 'ಸೈಬರ್ನೆಟಿಕ್ ಸೆರೆಂಡಿಪಿಟಿ' ಪ್ರದರ್ಶನವನ್ನು ಅಣಿಗೊಳಿಸಿ, ಕಲಾವಿದರ ಕೆಲಸವನ್ನೂ ಎಂಜಿನಿಯರರ ಕೆಲಸವನ್ನೂ ಒಂದೇ ಸೂರಿನಡಿ ತಂದರು. ಇಷ್ಟಾದರೂ ವರ್ಷವರ್ಷವೂ ಇಂಥ ಕೃತಿಗಳನ್ನು ಕರೆದು, ತೂಗಿ, ಪ್ರಶಸ್ತಿ ಕೊಡುವ ಸ್ಥಿರವಾದ ವ್ಯವಸ್ಥೆ ಇನ್ನೂ ಬೇರೂರಿರಲಿಲ್ಲ.

ಲಿಂಟ್ಸ್ ಡ್ಯಾನ್ಯೂಬ್ ನದಿಯ ದಂಡೆಯ ಊರು. ಉಕ್ಕಿನ ಕಾರ್ಖಾನೆಯಿಂದ ಹೆಸರಾದದ್ದೇ ಹೊರತು ವಿಯೆನ್ನಾದಂತೆ ಸಂಗೀತ, ಕಲೆಗಳ ರಾಜಧಾನಿಯೆಂದು ಬೀಗಿದ್ದಲ್ಲ. 1979ರ ಸೆಪ್ಟೆಂಬರಿನಲ್ಲಿ ಅಲ್ಲಿ ಆರ್ಸ್ ಎಲೆಕ್ಟ್ರಾನಿಕಾ ಉತ್ಸವವನ್ನು ಆರಂಭಿಸಿದ ನಾಲ್ವರಲ್ಲಿ ಹಾನೆಸ್ ಲಿಯೊಪೋಲ್ಡ್‌ಸೆಡರ್ ಆಸ್ಟ್ರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಒಆರ್‌ಎಫ್‌ನ ಪ್ರಾದೇಶಿಕ ಕೇಂದ್ರದ ಮುಖ್ಯಸ್ಥರು. ಹರ್ಬರ್ಟ್ ಫ್ರಾಂಕೆ ಭೌತಶಾಸ್ತ್ರ ಓದಿದ ಲೇಖಕರು. ಹ್ಯೂಬರ್ಟ್ ಬೋಗ್ನರ್‌ಮೈಯರ್ ಎಲೆಕ್ಟ್ರಾನಿಕ್ ಸಂಗೀತಗಾರರು. ಉಲ್ರಿಚ್ ರ್ಯುಟ್ಸೆಲ್ ಸಂಗೀತ ನಿರ್ಮಾಪಕರು. ಮೊದಲ ಉತ್ಸವದಲ್ಲಿ ಆಸ್ಟ್ರಿಯಾದ ಸಂಗೀತ ರಚನಕಾರ ಬ್ರೂಕ್ನರ್‌ನ ಎಂಟನೆಯ ಸಿಂಫನಿಯನ್ನು ನದೀತೀರದ ಉದ್ಯಾನದಲ್ಲಿ ಧ್ವನಿವರ್ಧಕಗಳ ಮೂಲಕ ಕೇಳಿಸಲಾಯಿತು. ಅದೇ ಹೊತ್ತಿಗೆ ರೇಡಿಯೊಗಳನ್ನು ಕಿಟಕಿಯಲ್ಲಿ ಇಡುವಂತೆ ಊರಿನ ಜನರನ್ನು ಕೇಳಿಕೊಳ್ಳಲಾಯಿತು. ಒಂದು ಪ್ರಾದೇಶಿಕ ಬಾನುಲಿ ಕೇಂದ್ರ ಇಂಥದ್ದಕ್ಕೆ ಮೂಲವಾಯಿತು ಎಂಬುದನ್ನು, ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳನ್ನು ಮಡಿಕೇರಿ ಆಕಾಶವಾಣಿಯಿಂದ ಕೇಳುತ್ತ ಬಂದ ನಾವು ವಿಶೇಷವಾಗಿ ಗಮನಿಸಬೇಕು.

ಪ್ರಶಸ್ತಿ ಆರಂಭವಾದದ್ದು 1987ರಲ್ಲಿ. ಅತ್ಯುನ್ನತ ಗೌರವದ ಹೆಸರು ಗೋಲ್ಡನ್ ನಿಕಾ. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ, ರೆಕ್ಕೆಗಳುಳ್ಳ ಗ್ರೀಕ್ ವಿಜಯದೇವತೆಯ ಶಿಲ್ಪದ ಮಾದರಿಯಲ್ಲಿ ಅದನ್ನು ರೂಪಿಸಲಾಗಿದೆ. ಆಗ ಇದ್ದ ವಿಭಾಗಗಳು ಮೂರು: ಗಣಕ ಚಿತ್ರ, ಗಣಕ ಅನಿಮೇಷನ್, ಗಣಕ ಸಂಗೀತ. ಅನಿಮೇಷನ್ ವಿಭಾಗದ ಮೊದಲ ನಿಕಾ, ಮೇಜಿನ ಮೇಲಿನ ಎರಡು ದೀಪಗಳಿಗೆ ಜೀವ ತುಂಬಿದ 'ಲಕ್ಸೊ ಜೂನಿಯರ್' ಕಿರುಚಿತ್ರಕ್ಕಾಗಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಅವರಿಗೆ ಸಂದಿತು. ಈ ಮೂರೂ ವಿಭಾಗಗಳು ಹಳೆಯ ಕಲೆಗಳ ಹೆಸರಿನ ಹಿಂದೆ 'ಗಣಕ' ಎಂಬ ಪದವನ್ನು ಸೇರಿಸಿದಂಥವು. ಚಿತ್ರ ಚಿತ್ರವೇ, ಸಂಗೀತ ಸಂಗೀತವೇ, ಬದಲಾದದ್ದು ಸಾಧನ ಮಾತ್ರ ಎಂಬ ನಂಬಿಕೆ ಅದರ ಹಿಂದಿತ್ತು. ಆ ನಂಬಿಕೆ ಹೆಚ್ಚು ವರ್ಷ ಬಾಳಲಿಲ್ಲ.

1990ರಲ್ಲಿ ಸಂವಾದಾತ್ಮಕ ಕಲೆ ಎಂಬ ವಿಭಾಗ ಸೇರಿತು, ಮೊದಲ ನಿಕಾ ಮೈರನ್ ಕ್ರೂಗರ್ ಅವರ 'ವಿಡಿಯೊಪ್ಲೇಸ್'ಗೆ ದೊರೆಯಿತು. ನೋಡುಗನ ದೇಹದ ನೆರಳುರೂಪವನ್ನು ಕ್ಯಾಮೆರಾ ಹಿಡಿಯುತ್ತದೆ, ಗಣಕ ಅದಕ್ಕೆ ಆ ಕ್ಷಣದಲ್ಲೇ ಸ್ಪಂದಿಸುತ್ತದೆ. ಕೈಗವಸು, ಶಿರಸ್ತ್ರಾಣ ಯಾವುದೂ ಬೇಡ. ನೋಡುಗ ಬಾರದಿದ್ದರೆ ಕೃತಿಯೇ ಇಲ್ಲ. 1994ರಲ್ಲಿ ಇದೇ ವಿಭಾಗದಲ್ಲಿ ಗೆದ್ದ, ಕ್ರಿಸ್ಟಾ ಸೊಮ್ಮೆರರ್ ಮತ್ತು ಲೋರಾನ್ ಮಿನ್ಯೊನೊ ಅವರ 'ಎ-ವಾಲ್ವ್' ಕೃತಿಯಲ್ಲಿ ನೋಡುಗರು ಪರದೆಯ ಮೇಲೆ ಬೆರಳಿಂದ ಬರೆದ ಆಕಾರಗಳು ನೀರು ತುಂಬಿದ ಗಾಜಿನ ಕೊಳದಲ್ಲಿ ಜಲಚರಗಳಾಗಿ ಈಜಾಡಿದವು. ದೀಪದ ಸುತ್ತ ವೃತ್ತವಾಗಿ ಸೇರಿ ಹೆಜ್ಜೆ ಹಾಕುವ ಬೊಳಕಾಟ್, ಉಮ್ಮತ್ತಾಟ್ ಎಂಬ ಕೊಡವ ಕುಣಿತಗಳನ್ನು ಬಲ್ಲವರಿಗೆ, ಸೇರಿದವರಿಂದಲೇ ಕೃತಿ ಆಗುತ್ತದೆ ಎಂಬ ಈ ವಿಚಾರ ಹೊಸದೆನಿಸುವುದಿಲ್ಲ. ಪಾಶ್ಚಾತ್ಯ ಗ್ಯಾಲರಿಗಳಿಗೆ ಮಾತ್ರ ಅದನ್ನು ಒಪ್ಪಿಕೊಳ್ಳಲು ಬೇರೆಯೇ ವಿಭಾಗ ಬೇಕಾಯಿತು.

ದೊಡ್ಡ ಚರ್ಚೆ ಎದ್ದದ್ದು 1999ರಲ್ಲಿ. ಅಂತರಜಾಲಕ್ಕೆಂದು ಮೀಸಲಾಗಿದ್ದ ವಿಭಾಗದ ಗೋಲ್ಡನ್ ನಿಕಾವನ್ನು ತೀರ್ಪುಗಾರರು ಲಿನಕ್ಸ್‌ಗಾಗಿ ಲೀನಸ್ ಟೊರ್ವಾಲ್ಡ್ಸ್ ಅವರಿಗೆ ಕೊಟ್ಟರು. ಒಂದು ಆಪರೇಟಿಂಗ್ ಸಿಸ್ಟಂ ಕಲಾಕೃತಿ ಹೇಗಾದೀತು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಕಲಾವಿದರಿಗೆ ಸಿಗುವ ಹಣ ಮತ್ತು ಮನ್ನಣೆ ಕಡಿಮೆಯೇ. ಅದನ್ನೂ ಎಂಜಿನಿಯರರಿಗೆ ಹಂಚಿದರೆ ಕಲಾವಿದರ ಪಾಲಿಗೆ ಉಳಿಯುವುದೇನು? ಆದರೂ ಆ ತೀರ್ಪು ಒಂದು ಬಾಗಿಲನ್ನು ತೆರೆಯಿತೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ದೇಶದೇಶಗಳಲ್ಲಿ ಚದುರಿದ ಸಾವಿರಾರು ಜನ ತಿದ್ದಿ ಬೆಳೆಸಿದ, ಯಾರು ಬೇಕಾದರೂ ತೆರೆದು ಓದಬಹುದಾದ ಬರಹದ ರಚನೆಯಲ್ಲಿಯೂ ಕಾಣ್ಕೆ ಇದೆ ಎಂದು ಅದು ಒಪ್ಪಿಕೊಂಡಿತು. ಐದು ವರ್ಷಗಳ ನಂತರ, 2004ರಲ್ಲಿ, 'ಡಿಜಿಟಲ್ ಸಮುದಾಯಗಳು' ಎಂಬ ವಿಭಾಗ ಆರಂಭವಾಗಿ ವಿಕಿಪೀಡಿಯ ಗೋಲ್ಡನ್ ನಿಕಾ ಪಡೆಯಿತು. ಕನ್ನಡ ವಿಕಿಪೀಡಿಯ ಆಗಿನ್ನೂ ತೀರ ಎಳೆಯದು.

ಅದರ ಮರುವರ್ಷದ ನಿಕಾ ನಮಗೆ ಬಹಳ ಹತ್ತಿರದ್ದು. 2005ರಲ್ಲಿ ಡಿಜಿಟಲ್ ಸಮುದಾಯಗಳ ವಿಭಾಗದಲ್ಲಿ ಗೆದ್ದದ್ದು ಕೇರಳ ಸರ್ಕಾರದ 'ಅಕ್ಷಯ' ಯೋಜನೆ. ಮಾಕುಟ್ಟದ ಘಾಟಿ ಇಳಿದರೆ ಇರಿಟ್ಟಿ, ಕುಟ್ಟ ದಾಟಿದರೆ ವಯನಾಡು. ಆ ಪೇಟೆಗಳಲ್ಲಿ ಅಕ್ಷಯ ಕೇಂದ್ರದ ಫಲಕವನ್ನು ನೋಡದ ಕೊಡಗಿನವರು ವಿರಳ. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮೊದಲಾದ ಈ ಯೋಜನೆಯ ಗುರಿ, ಪ್ರತಿ ಮನೆಯಿಂದ ಒಬ್ಬರಿಗಾದರೂ ಗಣಕ ಬಳಸಲು ಕಲಿಸುವುದು. ಈಗ ಅರ್ಜಿ ತುಂಬಿಸಲು, ಬಿಲ್ಲು ಕಟ್ಟಲು ಸರದಿಯಲ್ಲಿ ನಿಲ್ಲುವ ಆ ಸಣ್ಣ ಕೋಣೆಗಳು ಜಗತ್ತಿನ ಮಾಧ್ಯಮ ಕಲೆಯ ಅತಿ ದೊಡ್ಡ ಗೌರವಗಳಲ್ಲೊಂದನ್ನು ಪಡೆದ ಯೋಜನೆಗೆ ಸೇರಿದವು. ಕಲೆ ಎಂಬುದರ ಗಡಿಯನ್ನು ಇಲ್ಲಿ ಅತಿಯಾಗಿ ಹಿಗ್ಗಿಸಲಾಯಿತು ಎಂದು ಯಾರಾದರೂ ಹೇಳಿದರೆ ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಆ ವಿಭಾಗ ಇರದಿದ್ದರೆ ಮಲಪ್ಪುರದ ಹಳ್ಳಿಗಳಲ್ಲಿ ನಡೆದ ಕೆಲಸ ಲಿಂಟ್ಸ್‌ನ ತೀರ್ಪುಗಾರರ ಮೇಜಿಗೆ ಬರುತ್ತಲೇ ಇರಲಿಲ್ಲ. ವಿಭಾಗಗಳ ಪಟ್ಟಿಯನ್ನು ಯಾರು ಬರೆಯುತ್ತಾರೆ ಎಂಬುದು ಯಾರು ಗೆಲ್ಲುತ್ತಾರೆ ಎಂಬುದರಷ್ಟೇ ಮುಖ್ಯವಾಗುವುದು ಈ ಕಾರಣಕ್ಕೆ. ನಮ್ಮ ಕಾಫಿ ತೋಟಗಳ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ದಿನವೂ ಬರೆದಿಡುವ ರೂಢಿಯಿದೆ. ತಲೆಮಾರುಗಳಿಂದ ಉಳಿದುಬಂದ ಆ ಪುಸ್ತಕಗಳನ್ನು ಒಂದೆಡೆ ತಂದು, ಇಡೀ ಜಿಲ್ಲೆಯ ಮಳೆಯನ್ನು ಕಣ್ಣಿಗೆ, ಕಿವಿಗೆ ಮುಟ್ಟಿಸುವ ಕೃತಿಯೊಂದನ್ನು ಯಾರಾದರೂ ಕಟ್ಟಿದರೆ ಅದನ್ನು ಸಲ್ಲಿಸಲು ನಮ್ಮಲ್ಲಿ ಯಾವ ವಿಭಾಗವೂ ಇಲ್ಲ.

2007ರಲ್ಲಿ ಬಂದ 'ಹೈಬ್ರಿಡ್ ಕಲೆ' ವಿಭಾಗ ಪ್ರಯೋಗಾಲಯದ ಜೀವಕೋಶಗಳನ್ನೂ ಕಲೆಯ ಸಾಮಗ್ರಿಯೆಂದು ಒಪ್ಪಿತು. ಮೊದಲ ನಿಕಾ ಆಸ್ಟ್ರೇಲಿಯಾದ ಸಿಂಬಯಾಟಿಕಾ ಸಂಸ್ಥೆಗೆ ಹೋಯಿತು. 2019ರಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಜೀವಕಲೆಗೆ ವಿಭಾಗ ತೆರೆದಾಗ ಗೆದ್ದದ್ದು ಪಾಲ್ ವನೂಸ್ ಅವರ 'ಲೇಬರ್': ದುಡಿಯುವ ಮನುಷ್ಯರೇ ಇಲ್ಲದೆ, ಚರ್ಮದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಬೆವರಿನ ವಾಸನೆಯನ್ನು ಹುಟ್ಟಿಸುವ ಕೃತಿ. ಹತ್ತೊಂಬತ್ತು ವರ್ಷದೊಳಗಿನವರಿಗೆಂದು 1998ರಿಂದ ಇರುವ ವಿಭಾಗ ಆಸ್ಟ್ರಿಯಾದ ಮಕ್ಕಳಿಗೆ ಸೀಮಿತ. ಅಂಥದೊಂದನ್ನು ನಮ್ಮ ಮಕ್ಕಳಿಗೆ ನಾವೇ ರೂಪಿಸಿಕೊಳ್ಳಬೇಕು.

2021ರಲ್ಲಿ ಇದೇ ಕೃತಕ ಬುದ್ಧಿಮತ್ತೆ ಮತ್ತು ಜೀವಕಲೆಯ ನಿಕಾ ಪಡೆದ, ಲಂಡನ್ನಿನ ಫೊರೆನ್ಸಿಕ್ ಆರ್ಕಿಟೆಕ್ಚರ್ ತಂಡದ 'ಕ್ಲೌಡ್ ಸ್ಟಡೀಸ್' ಕೊಡಗಿಗೆ ನೇರವಾಗಿ ಸಂಬಂಧಿಸುತ್ತದೆಂದು ನನಗೆ ಅನಿಸುತ್ತದೆ. ಅಶ್ರುವಾಯು, ಸ್ಫೋಟ, ಕಾಡ್ಗಿಚ್ಚುಗಳಿಂದ ಏಳುವ ಮೋಡಗಳನ್ನು ಜನಸಾಮಾನ್ಯರು ತೆಗೆದ ವಿಡಿಯೊಗಳ ಸಹಾಯದಿಂದ ಗಣಕದಲ್ಲಿ ಮರುರೂಪಿಸಿ, ಎಲ್ಲಿಂದ ಎದ್ದಿತು, ಯಾರಿಗೆ ತಾಗಿತು ಎಂಬುದನ್ನು ಅದು ತೋರಿಸುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ, ಕೊಡಗಿನ ಜನ ತಮ್ಮ ಫೋನುಗಳಲ್ಲಿ ಚಿತ್ರೀಕರಿಸಿಕೊಂಡರು. ಕೈಯಿಂದ ಕೈಗೆ ಸಾಗಿದ ಆ ತುಣುಕುಗಳನ್ನು ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆದದ್ದು ಎಂಬ ವಿವರ ಕಳಚಿಹೋಗುತ್ತಿದೆ. ಹಳೆಯ ಫೋನು ಕೆಟ್ಟಾಗ ಮೂಲ ಪ್ರತಿಯೂ ಹೋಗುತ್ತದೆ. ಇಂಥ ಕೃತಿಗೆ ಸ್ಥಳ ಮತ್ತು ಸಮಯ ಖಚಿತವಾಗಿರುವ ಮೂಲ ಪ್ರತಿಗಳೇ ಆಧಾರ. ಅವನ್ನು ತೆಗೆದವರ, ಅವುಗಳಲ್ಲಿ ಕಾಣುವ ಕುಟುಂಬಗಳ ಒಪ್ಪಿಗೆ ಪಡೆದು, ಊರಿನ ಹೆಸರು ಮತ್ತು ದಿನಾಂಕದೊಂದಿಗೆ ಒಂದೆಡೆ ಕಾಪಿಡುವ ಕೆಲಸವನ್ನು ನಮ್ಮ ಕಾಲೇಜುಗಳೂ ಅಕಾಡೆಮಿಗಳೂ ಆಕಾಶವಾಣಿಯೂ ಕೂಡಿ ಕೈಗೆತ್ತಿಕೊಳ್ಳಬಹುದು, ಮತ್ತು ಅದಕ್ಕೆ ಯಾವ ಪ್ರಶಸ್ತಿಯ ಘೋಷಣೆಗೂ ಕಾಯಬೇಕಾಗಿಲ್ಲ.