ಲ್ಯಾಪ್‌ಟಾಪ್ ರಿಪೇರಿಗೆ 11,800 ರೂಪಾಯಿ ಕೊಟ್ಟೆ, ಹೆಚ್ಚಾಯಿತೆ?

ಪ್ರಶ್ನೆ: ಆರು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್ ತೀರಾ ನಿಧಾನವಾಗಿದ್ದರಿಂದ 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಹಾರ್ಡ್ ಡಿಸ್ಕ್ ತೆಗೆದು 512 ಜಿಬಿ ಎಸ್‌ಎಸ್‌ಡಿ, ಜೊತೆಗೆ 8 ಜಿಬಿ ರ‍್ಯಾಮ್ ಮತ್ತು ಹೊಸ ಬ್ಯಾಟರಿ ಹಾಕಿ, ಸರ್ವಿಸ್ ಚಾರ್ಜ್ ಸೇರಿಸಿ 11,800 ರೂಪಾಯಿ ತೆಗೆದುಕೊಂಡರು. ಅದೇ ವಾರ ಆನ್‌ಲೈನಿನಲ್ಲಿ ಈ ಮೂರೂ ಸೇರಿ 7,080 ರೂಪಾಯಿಗೆ ಸಿಗುತ್ತಿದ್ದವು. ನನಗೆ ಮೋಸವಾಯಿತೆ? ಬಿಲ್ಲಿನ ಪ್ರತಿ ಕಳುಹಿಸಿದ್ದೇನೆ.

ಉತ್ತರ: ಎರಡು ಮೊತ್ತಗಳನ್ನು ಅಕ್ಕಪಕ್ಕದಲ್ಲಿಟ್ಟು 4,720 ರೂಪಾಯಿ ಹೋಯಿತೆಂದು ಕೊರಗುವುದು ಸಹಜ. ಆದರೆ ನಿಮ್ಮ ಬಿಲ್ಲಿನಲ್ಲಿ ಎಸ್‌ಎಸ್‌ಡಿಗೆ 3,600, ರ‍್ಯಾಮ್‌ಗೆ 2,100, ಬ್ಯಾಟರಿಗೆ 2,300, ಕೆಲಸಕ್ಕೆ 2,000, ಒಟ್ಟು 10,000 ರೂಪಾಯಿ ಎಂದಿದ್ದು, ಅದರ ಮೇಲೆ ಶೇ 18ರಂತೆ 1,800 ರೂಪಾಯಿ ಜಿಎಸ್‌ಟಿ ಸೇರಿದೆ. ಆನ್‌ಲೈನಿನಲ್ಲಿ ಕಾಣುವ ಬೆಲೆಯಲ್ಲಿ ಈ ತೆರಿಗೆ ಆಗಲೇ ಅಡಗಿರುತ್ತದೆ. ಆದ್ದರಿಂದ ಬಿಡಿಭಾಗಗಳ 8,000ಕ್ಕೆ ತೆರಿಗೆ ಸೇರಿಸಿ ಬರುವ 9,440ನ್ನು 7,080ರ ಪಕ್ಕದಲ್ಲಿಡಬೇಕು. ವ್ಯತ್ಯಾಸ 2,360 ರೂಪಾಯಿ. ಉಳಿದ 2,360, ತೆರಿಗೆ ಸಹಿತ ಕೂಲಿ. ಅಂದರೆ ನಿಮ್ಮ ದೂರಿನ ಅರ್ಧ ಭಾಗ ಬಿಡಿಭಾಗಗಳ ಬೆಲೆಯದ್ದು, ಇನ್ನರ್ಧ ಕೆಲಸದ್ದು; ಇವೆರಡನ್ನೂ ಬೇರೆ ಬೇರೆ ಅಳತೆಗೋಲಿನಿಂದ ಅಳೆಯಬೇಕು.

ಆನ್‌ಲೈನ್ ಬೆಲೆಗಿಂತ ಅಂಗಡಿಯ ಬೆಲೆ ಮೂರನೇ ಒಂದು ಪಾಲು ಹೆಚ್ಚಿದೆ. ಅಂಗಡಿಯವರು ಬಾಡಿಗೆ ಕಟ್ಟುತ್ತಾರೆ, ಸರಕನ್ನು ತಂದಿಟ್ಟುಕೊಳ್ಳುತ್ತಾರೆ, ಹಾಕಿದ ಭಾಗ ಮೂರನೇ ದಿನ ಕೈಕೊಟ್ಟರೆ ಬದಲಿಸಿಕೊಡುವ ಹೊಣೆಯನ್ನೂ ಹೊರುತ್ತಾರೆ. ನೀವೇ ಕೊಂಡು ತಂದ ಭಾಗಕ್ಕೆ ಯಾವ ಮೆಕ್ಯಾನಿಕ್ಕೂ ಆ ಹೊಣೆ ಹೊರುವುದಿಲ್ಲ. ಇದಕ್ಕಾಗಿ ಶೇ 10ರಿಂದ 20ರಷ್ಟು ಹೆಚ್ಚು ಕೊಡಲು ನಾನು ಗೊಣಗುವುದಿಲ್ಲ. ಮೂರನೇ ಒಂದು ಪಾಲು ಭಾರವೇ ಸರಿ, ಆದರೆ ಅದನ್ನು ಮೋಸ ಎನ್ನಲಾರೆ. ನೀವು ಅದೇ ವಾರದ ಬೆಲೆ ನೋಡಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಸರಕುಗಳ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ಕಾರ್ಖಾನೆಗಳು ಮುಳುಗಿದಾಗ ಹಾರ್ಡ್ ಡಿಸ್ಕ್‌ಗಳ ಬೆಲೆ ಏರಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಹಾರಿತು. ಮೇ ತಿಂಗಳ ಬಿಲ್ಲನ್ನು ಡಿಸೆಂಬರ್ ಬೆಲೆಯೊಂದಿಗೆ ಹೋಲಿಸಿದ್ದರೆ ನಿಮ್ಮ ಅಂಗಡಿಯವರು ಧರ್ಮಾತ್ಮರಂತೆ ಕಾಣುತ್ತಿದ್ದರು.

ಪೆಟ್ಟಿಗೆಯ ಮೇಲಿನ ಎಂಆರ್‌ಪಿಯನ್ನು ಮಾತ್ರ ಅಳತೆಯಾಗಿ ಹಿಡಿಯಬೇಡಿ. ಎಲ್ಲ ತೆರಿಗೆಗಳೂ ಸೇರಿದ ಆ ಬೆಲೆಗಿಂತ ಹೆಚ್ಚು ಕೇಳುವುದು ತಪ್ಪೇ ಆದರೂ, ಕಂಪ್ಯೂಟರ್ ಭಾಗಗಳಲ್ಲಿ ಅದನ್ನು ಪೇಟೆ ಬೆಲೆಗಿಂತ ಬಹಳ ಮೇಲೆ ಮುದ್ರಿಸುವುದು ಸಾಮಾನ್ಯ. ‘ಎಂಆರ್‌ಪಿಗಿಂತ ಕಡಿಮೆಗೇ ಕೊಟ್ಟಿದ್ದೇವೆ ಸಾರ್’ ಎಂಬ ಮಾತಿನಿಂದ ಏನೂ ಸಾಬೀತಾಗುವುದಿಲ್ಲ.

ಬೆಲೆಯ ಮಾತು ಹೀಗಾದರೆ, ಹೋಲಿಸಿದ್ದು ಅದೇ ಭಾಗವನ್ನೇ ಎಂಬುದು ಇನ್ನೂ ಖಚಿತವಾಗಿಲ್ಲ. ನಿಮ್ಮ ಬಿಲ್ಲಿನಲ್ಲಿ ‘ಎಸ್‌ಎಸ್‌ಡಿ 512’ ಎಂದಷ್ಟೇ ಇದೆ. ಕಂಪನಿಯಿಲ್ಲ, ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಗಳು ನೋಡಲು ಒಂದೇ ತೆರನಾಗಿದ್ದರೂ, ಅವುಗಳಲ್ಲಿ ಸಾಟಾ ಬಗೆಯದ್ದು ಸೆಕೆಂಡಿಗೆ ಸುಮಾರು 550 ಎಂಬಿ ವೇಗದಲ್ಲಿ ನಿಂತುಬಿಡುತ್ತದೆ, ಎನ್‌ವಿಎಂಇ ಬಗೆಯದ್ದು ಅದರ ಹಲವು ಪಟ್ಟು ವೇಗದಲ್ಲಿ ಓಡುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಸಾಟಾವನ್ನು ಮಾತ್ರ ಒಪ್ಪುವುದರಿಂದ ಅದನ್ನು ಹಾಕಿದ್ದೇ ಅಪರಾಧವಲ್ಲ. ಸಾಟಾ ಹಾಕಿ ಎನ್‌ವಿಎಂಇ ಬೆಲೆ ತೆಗೆದುಕೊಂಡಿದ್ದರೆ ಅಪರಾಧ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಮಾಡೆಲ್, ಸೀರಿಯಲ್ ನಂಬರ್, ಬಗೆ ಎಲ್ಲವೂ ಕಾಣುತ್ತವೆ. ಡಿಸ್ಕ್ ಈವರೆಗೆ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕವೂ ಅಲ್ಲೇ ಇರುತ್ತದೆ. ಹೊಸದೆಂದು ನಾನು ಕೊಂಡಿದ್ದ ಹಾರ್ಡ್ ಡಿಸ್ಕ್ ಒಂದರಲ್ಲಿ ಆ ಅಂಕಿ 6,000 ದಾಟಿತ್ತು, ಅಂದರೆ ಹಗಲೂ ರಾತ್ರಿ 250 ದಿನ ಓಡಿದ ಡಿಸ್ಕ್. ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯನ್ನು ನಂಬುವ ಅಭ್ಯಾಸ ನನಗೆ ಅಂದೇ ಬಿಟ್ಟುಹೋಯಿತು. ರ‍್ಯಾಮ್ ವಿಚಾರ ಸುಲಭ: ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲೇ ಅದರ ಗಾತ್ರ, ವೇಗ, ಎಷ್ಟು ಸ್ಲಾಟ್ ತುಂಬಿದೆ ಎಂಬುದು ತಿಳಿಯುತ್ತದೆ.

ನನಗೆ ನಿಜವಾಗಿ ತೊಡಕಾಗಿ ಕಾಣುವುದು ಬ್ಯಾಟರಿ. ನೀವು ಹೇಳಿದ್ದು ಲ್ಯಾಪ್‌ಟಾಪ್ ನಿಧಾನ ಎಂದು, ಚಾರ್ಜ್ ನಿಲ್ಲುವುದಿಲ್ಲ ಎಂದಲ್ಲ. ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಬಂದರೆ ನಿಧಾನಕ್ಕೆ ನೇರ ಮದ್ದು; ರ‍್ಯಾಮ್ ಸಾಲದಿದ್ದಲ್ಲಿ ಅದೂ ಮದ್ದೇ. ಆದರೆ ಚಾರ್ಜರ್ ಸಿಕ್ಕಿಸಿಕೊಂಡು ಬಳಸುವ ಯಂತ್ರದ ವೇಗ ಸಾಮಾನ್ಯವಾಗಿ ಬ್ಯಾಟರಿ ಬದಲಿಸಿದ್ದರಿಂದ ಹೆಚ್ಚುವುದಿಲ್ಲ. ಹಳೆಯ ಬ್ಯಾಟರಿ ಉಬ್ಬಿತ್ತೆ, ಅಥವಾ ವಿಂಡೋಸ್‌ನ ಬ್ಯಾಟರಿ ರಿಪೋರ್ಟಿನಲ್ಲಿ ಅದರ ಪೂರ್ಣ ಚಾರ್ಜಿನ ಸಾಮರ್ಥ್ಯ ಮೂಲ ಸಾಮರ್ಥ್ಯದ ಅರ್ಧಕ್ಕಿಂತ ಕೆಳಗಿಳಿದಿತ್ತೆ? ಹೌದಾದರೆ ಬದಲಿಸಿದ್ದು ನ್ಯಾಯ. ಇಲ್ಲವಾದರೆ ತೆರಿಗೆ ಸೇರಿ 2,714 ರೂಪಾಯಿ ಬೇಡದ ಭಾಗಕ್ಕೆ ಹೋಯಿತು, ಬಿಡಿಭಾಗಗಳ ಬೆಲೆಯಲ್ಲಿ ಕಂಡ ಇಡೀ 2,360 ರೂಪಾಯಿ ವ್ಯತ್ಯಾಸಕ್ಕಿಂತಲೂ ಇದು ಹೆಚ್ಚು. ತೆಗೆದ ಭಾಗಗಳನ್ನು ವಾಪಸ್ ಕೇಳಿ ಪಡೆಯಬೇಕೆನ್ನುವುದು ಇದಕ್ಕೇ. ಹೊಸ ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದು ಅಸಲಿಯೇ ಎಂಬುದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು.

ಇನ್ನು ಕೂಲಿಯ 2,000. ಸ್ಕ್ರೂ ಬಿಚ್ಚಿ ಎಸ್‌ಎಸ್‌ಡಿ, ರ‍್ಯಾಮ್ ಕೂರಿಸುವುದು ಅರ್ಧ ಗಂಟೆಯ ಕೆಲಸ, ಅಷ್ಟಕ್ಕೇ ಆದರೆ ಇದು ದುಬಾರಿ. ಹಳೆಯ ಡಿಸ್ಕಿನ ದತ್ತಾಂಶವನ್ನೆಲ್ಲ ಸುರಕ್ಷಿತವಾಗಿ ಹೊಸದಕ್ಕೆ ವರ್ಗಾಯಿಸಿ, ವಿಂಡೋಸ್ ಮತ್ತು ಡ್ರೈವರ್‌ಗಳನ್ನು ಸರಿಪಡಿಸಿ, ಫ್ಯಾನಿನ ದೂಳು ತೆಗೆದು, ಥರ್ಮಲ್ ಪೇಸ್ಟ್ ಹಚ್ಚಿದ್ದರೆ ನಾನು ತುಟಿಪಿಟಕ್ಕೆನ್ನುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಬೋರ್ಡಿನಡಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರ ಲೆಕ್ಕವೇ ಬೇರೆ: ಅಲ್ಲಿ ಬದಲಿಸುವ ಐಸಿ (ಚಿಪ್) ಅಗ್ಗದ್ದಿರಬಹುದು, ನೀವು ಹಣ ಕೊಡುವುದು ಸತ್ತಿರುವುದು ಯಾವ ಐಸಿ ಎಂದು ಹುಡುಕಿದ ವಿದ್ಯೆಗೆ.

ತೆರಿಗೆಯ ಬಗ್ಗೆ ಎರಡು ಮಾತು. ನೋಂದಣಿಯಿಲ್ಲದ ಅಂಗಡಿಯಾಗಲಿ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಯಾಗಲಿ ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಹಾಗಾಗಿ ಬಿಲ್ಲಿನಲ್ಲಿರುವ 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು (ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ) ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಅದು ಸುಳ್ಳಾದರೆ 1,800 ರೂಪಾಯಿ ಸರ್ಕಾರಕ್ಕೆ ಹೋಗಿಲ್ಲ. ‘ಬಿಲ್ ಬೇಡ ಅಂದ್ರೆ ಹದಿನೆಂಟು ಪರ್ಸೆಂಟ್ ಉಳಿಯುತ್ತೆ’ ಎಂಬ ಆಮಿಷಕ್ಕೆ ನೀವು ಬೀಳದೆ ಬಿಲ್ ಪಡೆದದ್ದರಿಂದಲೇ ಇಷ್ಟೆಲ್ಲ ಪರೀಕ್ಷಿಸಲು ಸಾಧ್ಯವಾಗಿದೆ.

ಈಗ ಅಂಗಡಿಗೆ ಹೋಗಿ ಮೂರೂ ಭಾಗಗಳ ಮಾಡೆಲ್, ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಹಳೆಯ ಬ್ಯಾಟರಿಯನ್ನು ಏಕೆ ತೆಗೆದರೆಂದು ಕೇಳಿ. ಬರೆದುಕೊಡಲು ಒಪ್ಪದಿದ್ದರೆ, ಅಥವಾ ಬರೆದದ್ದು ಯಂತ್ರದೊಳಗಿರುವುದಕ್ಕೆ ತಾಳೆಯಾಗದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ದೂರು ಕೊಡಲು ಇರುವ ಗಡುವು ಎರಡು ವರ್ಷ. ನಿಮ್ಮ ವಿಷಯದಲ್ಲಿ ಅದನ್ನು 2027ರ ಮೇ ತಿಂಗಳಿಗೆ ಮುಗಿಯುತ್ತದೆ ಎಂದೇ ಇಟ್ಟುಕೊಳ್ಳಿ.