ಆಯಿಲ್ ಬದಲಿಸಲು ಕಾರು ತಾನೇ ನೆನಪಿಸುವವರೆಗೆ ಕಾಯಬಹುದೇ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ನಮ್ಮ ಪೆಟ್ರೋಲ್ ಕಾರಿಗೆ ಆಯಿಲ್ ಬದಲಿಸಿ ಹತ್ತು ತಿಂಗಳಾಯಿತು. ಅಲ್ಲಿಂದೀಚೆಗೆ ಓಡಿರುವುದು 6,200 ಕಿ.ಮೀ. ಮಗಳನ್ನು ಶಾಲೆಗೆ ಬಿಡುವುದು, ಪೇಟೆಗೆ ಹೋಗಿಬರುವುದು, ಇಷ್ಟೇ ಅದರ ಓಡಾಟ. ಮೀಟರ್ ಬೋರ್ಡಿನಲ್ಲಿ ಸರ್ವಿಸ್‌ಗೆ ಇನ್ನೂ 3,800 ಕಿ.ಮೀ. ಬಾಕಿ ಎಂದು ಬರುತ್ತಿದೆ. ನಮ್ಮ ಮೆಕ್ಯಾನಿಕ್ ಮಾತ್ರ ‘ಐದು ಸಾವಿರಕ್ಕೇ ಬದಲಿಸಬೇಕಿತ್ತು ಸಾರ್’ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಮಟ್ಟಿಗೆ ಮೆಕ್ಯಾನಿಕ್ ಹೇಳಿದ್ದೇ ಸರಿ. ಹಾಗೆಂದು ಮೀಟರ್ ಸುಳ್ಳು ಹೇಳುತ್ತಿದೆ ಎಂದಲ್ಲ. ನೀವು ಕೇಳುತ್ತಿರುವ ಪ್ರಶ್ನೆಯೇ ಬೇರೆ, ಅದು ಕೊಡುತ್ತಿರುವ ಉತ್ತರವೇ ಬೇರೆ. ಆಯಿಲ್ ಹೇಗಿದೆ ಎಂಬುದು ನಿಮ್ಮ ಪ್ರಶ್ನೆ, ಎಷ್ಟು ದೂರ ಓಡಿದ್ದೀರಿ ಎಂಬುದು ಅದರ ಉತ್ತರ.

ನೀವೇ ಬರೆದಿರುವ ಎರಡು ಅಂಕಿಗಳನ್ನು ಕೂಡಿಸಿ ನೋಡಿ. 6,200ಕ್ಕೆ 3,800 ಸೇರಿದರೆ ಒಂದು ಕಿಲೋಮೀಟರೂ ಹೆಚ್ಚುಕಡಿಮೆಯಿಲ್ಲದೆ 10,000. ಅಂದರೆ ನಿಮ್ಮ ಕಾರಿನಲ್ಲಿರುವುದು ಬರೀ ಎಣಿಕೆ. ಕಳೆದ ಸರ್ವಿಸ್‌ನಲ್ಲಿ ಯಾರೋ ಅದನ್ನು 10,000ಕ್ಕೆ ಇಟ್ಟರು, ಅಂದಿನಿಂದ ಅದು ಓಡಿದ ದೂರವನ್ನು ಕಳೆಯುತ್ತಾ ಬಂದಿದೆ, ಅಷ್ಟೆ. ನಮ್ಮ ರಸ್ತೆಗಳಲ್ಲಿ ಕಾಣುವ ಬಹುಪಾಲು ಸಣ್ಣ ಕಾರುಗಳದ್ದು ಇದೇ ಬಗೆ. ಕೆಲವಕ್ಕೆ 10,000, ಕೆಲವಕ್ಕೆ 15,000 ಎಂಬುದಷ್ಟೇ ವ್ಯತ್ಯಾಸ.

ಇದಕ್ಕಿಂತ ಜಾಣತನದ ವ್ಯವಸ್ಥೆಗಳೂ ಇವೆ. ಅಮೆರಿಕದ ಜನರಲ್ ಮೋಟಾರ್ಸ್ 1980ರ ದಶಕದ ಕೊನೆಯಲ್ಲಿ ತಂದ ವ್ಯವಸ್ಥೆಯು ಎಂಜಿನ್ ಸುತ್ತಿದ ಒಟ್ಟು ಸುತ್ತುಗಳನ್ನೂ ಆಯಿಲ್‌ನ ಉಷ್ಣತೆಯನ್ನೂ ಲೆಕ್ಕಕ್ಕೆ ಹಿಡಿದು, ತಣ್ಣಗೆ ಓಡಿದ ಅಥವಾ ಮಿತಿಮೀರಿ ಕಾದು ಓಡಿದ ಹೊತ್ತಿಗೆ ಹೆಚ್ಚು ಆಯುಷ್ಯವನ್ನು ಕಳೆಯುತ್ತಿತ್ತು. ಹೋಂಡಾ ಅಮೆರಿಕದಲ್ಲಿ ಮಾರುವ ಕಾರುಗಳಲ್ಲಿ ಉಳಿದ ಆಯುಷ್ಯವನ್ನು ಶೇಕಡಾವಾರು ತೋರಿಸಿ, 15ಕ್ಕೆ ಇಳಿದಾಗ ಮೊದಲ ಸೂಚನೆ ಕೊಡುತ್ತದೆ. ಜರ್ಮನಿಯ ಕೆಲವು ದುಬಾರಿ ಕಾರುಗಳಲ್ಲಿ ಆಯಿಲ್‌ನ ವಿದ್ಯುತ್ ಗುಣವನ್ನು ಅಳೆಯುವ ಸೆನ್ಸರ್ ಕೂಡ ಬಂದಿತ್ತು. ಇಂಥ ಕಾರುಗಳಲ್ಲಿ ಬಾಕಿ ಅಂಕಿ ಒಂದೇ ಸಮನೆ ಇಳಿಯುವುದಿಲ್ಲ. ಊರೊಳಗೆ ಬೇಗ, ಹೆದ್ದಾರಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಇಳಿತದ ವೇಗ ಬದಲಾಗುವ ವ್ಯವಸ್ಥೆಯನ್ನು ಹೆಚ್ಚು ನಂಬಬಹುದು.

ದೂರವೊಂದನ್ನೇ ಎಣಿಸುವುದರ ತೊಡಕು ಸಣ್ಣದಲ್ಲ. ಬೆಂಗಳೂರಿನ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಒಂದು ಕಿಲೋಮೀಟರಿಗೆ 45 ಸೆಕೆಂಡು, ಸುಮಾರು 1,500 ಸುತ್ತು. ಅದೇ ಕಾರು ಊರೊಳಗಿನ ಪಿ.ಬಿ. ರಸ್ತೆಯ ಸಿಗ್ನಲ್‌ಗಳ ನಡುವೆ ಸರಾಸರಿ 20 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 1,500 ಸುತ್ತಿನಂತೆ ಸಾಗಿದರೆ, ಒಂದು ಕಿಲೋಮೀಟರಿಗೆ ಮೂರು ನಿಮಿಷ, 4,500 ಸುತ್ತು. ಒಂದೇ ದೂರಕ್ಕೆ ಮೂರು ಪಟ್ಟು ದುಡಿಮೆ. ಇನ್ನು ಶಾಲೆಯ ಗೇಟಿನ ಮುಂದೆ ಏಸಿ ಹಾಕಿಕೊಂಡು ಕಾಯುವ ಹತ್ತು ನಿಮಿಷವಂತೂ ಆ ಎಣಿಕೆಯೊಳಗೆ ಬರುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಸಣ್ಣ ಓಡಾಟದ ವಿಷಯ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಅನೇಕರು ನಂಬುವುದಿಲ್ಲ, ಆದರೆ ಅದು ನಿಜ. ಅದರಲ್ಲಿ ಹೆಚ್ಚಿನದು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಚೂರುಪಾರು ಪಿಸ್ಟನ್ ರಿಂಗುಗಳ ಪಕ್ಕದಿಂದ ಜಾರಿ, ಅರೆಬೆಂದ ಪೆಟ್ರೋಲ್ ಜೊತೆಗೆ ಕೆಳಗಿನ ಆಯಿಲ್ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೋಗುತ್ತವೆ. ಎರಡು-ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಆಯಿಲ್‌ಗೆ ಅಷ್ಟು ಕಾಯುವ ಅವಕಾಶವೇ ಸಿಗುವುದಿಲ್ಲ. ಟೆಂಪರೇಚರ್ ಮುಳ್ಳು ನಡುವಿಗೆ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಅದು ರೇಡಿಯೇಟರಿನ ನೀರಿನ ಬಿಸಿ, ಆಯಿಲ್ ಕಾಯುವುದು ಅದಕ್ಕಿಂತ ತಡವಾಗಿ. ಹೀಗೆ ಉಳಿದ ತೇವ ಮತ್ತು ಆಮ್ಲೀಯ ಅಂಶಗಳು ಆಯಿಲ್‌ನಲ್ಲಿ ಬೆರೆಸಿರುವ ರಕ್ಷಕ ರಾಸಾಯನಿಕಗಳನ್ನು ಸವೆಸುತ್ತವೆ. ಒಂದೇ ಸಮನೆ ಉರಿಯುವ ಒಲೆಗಿಂತ ಆಗಾಗ ಹೊತ್ತಿಸಿ ಆರಿಸುವ ಒಲೆಯಲ್ಲೇ ಹೊಗೆ ಹೆಚ್ಚಲ್ಲವೇ, ಇದೂ ಹಾಗೆಯೇ.

ಆದ್ದರಿಂದಲೇ ಕಾರಿನ ಜೊತೆ ಕೊಟ್ಟಿರುವ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕಗಳಿರುತ್ತವೆ. ಮೊದಲನೆಯದು ಎಲ್ಲರೂ ನೋಡುವ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’. ಎರಡನೆಯದು ಕಠಿಣ ಬಳಕೆಯ ಲೆಕ್ಕ. ಹಲವು ಕೈಪಿಡಿಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಸಣ್ಣ ದೂರದ ಓಡಾಟ, ಧೂಳಿನ ರಸ್ತೆ, ನಿಂತಲ್ಲೇ ಎಂಜಿನ್ ಓಡಿಸುವುದು, ಭಾರ ಎಳೆಯುವುದು ಎಲ್ಲವೂ ಅದರ ಪಟ್ಟಿಯಲ್ಲಿವೆ. ನಿಮ್ಮ ಮೆಕ್ಯಾನಿಕ್ ಹೇಳಿದ ಐದು ಸಾವಿರ ಅಲ್ಲಿಂದಲೇ ಬಂದಿರಬೇಕು.

ಧೂಳಿನ ಮಾತು ಬಂದಾಗ ನಮ್ಮ ಕಡೆಯವರು ಸ್ವಲ್ಪ ನಿಂತು ಯೋಚಿಸಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಕಾಳು ಹರಡಿ ಒಣಗಿಸುತ್ತಿರುತ್ತಾರೆ, ಪಕ್ಕದಲ್ಲೇ ಒಕ್ಕಣೆ ಯಂತ್ರ ಹೊಟ್ಟು ತೂರುತ್ತಿರುತ್ತದೆ. ಚಿತ್ರದುರ್ಗದ ಭೀಮಸಮುದ್ರದ ಕಡೆ ಹೋದರೆ ಅದಿರಿನ ಲಾರಿಗಳ ಕೆಂಧೂಳು. ಏರ್ ಫಿಲ್ಟರ್ ಹಳೆಯದಾಗಿದ್ದರೆ ಅಥವಾ ಸರಿಯಾಗಿ ಕೂತಿರದಿದ್ದರೆ ಆ ಧೂಳಿನ ನುಣ್ಣನೆಯ ಮರಳು ಎಂಜಿನ್ ಒಳಹೊಕ್ಕು ಆಯಿಲ್ ಸೇರಿ, ಉಜ್ಜುಕಾಗದದ ಕೆಲಸ ಮಾಡುತ್ತದೆ. ಸುತ್ತು ಮತ್ತು ಬಿಸಿಯನ್ನು ಲೆಕ್ಕ ಹಾಕುವ ಜಾಣ ವ್ಯವಸ್ಥೆಗೂ ಈ ಧೂಳು ಕಾಣಿಸುವುದಿಲ್ಲ. ಏಪ್ರಿಲ್ ಬಿಸಿಲಿನ ಬಗ್ಗೆ ಮಾತ್ರ ಜನರಿಗೆ ಇರುವಷ್ಟು ಭಯ ನನಗಿಲ್ಲ. ಆಯಿಲ್ ಮಾಮೂಲಿಯಾಗಿಯೇ 90ರಿಂದ 110 ಡಿಗ್ರಿಯಲ್ಲಿ ದುಡಿಯುವಂಥದ್ದು. ಹೊರಗೆ 39 ಡಿಗ್ರಿ ಇದ್ದ ಮಾತ್ರಕ್ಕೆ ಅದು ಕೆಡುವುದಿಲ್ಲ.

ಈ ಕಿಲೋಮೀಟರ್ ಎಣಿಕೆ ಮಾಡದ ಕೆಲಸವೊಂದಿದೆ, ಆಯಿಲ್ ಮಟ್ಟ ನೋಡುವುದು. ಅದು ನನಗೆ ಪಾಠವಾದದ್ದು ಹಿರಿಯೂರಿನಿಂದ ವಾಪಸು ಬಂದ ಒಂದು ಸಂಜೆ. ಆಯಿಲ್ ಬದಲಿಸಿ ಮೂರು ತಿಂಗಳೂ ಆಗಿರಲಿಲ್ಲ, ಮೀಟರ್ 7,000 ಕಿ.ಮೀ. ಬಾಕಿ ಎನ್ನುತ್ತಿತ್ತು. ಮನೆಯ ಮುಂದೆ ಕಾರು ನಿಲ್ಲಿಸಿ, ಮರುದಿನ ಬೆಳಿಗ್ಗೆ ನೋಡಿದರೆ ನೆಲದ ಮೇಲೆ ರೂಪಾಯಿಯಗಲದ ಕಲೆ. ಬಾನೆಟ್ ಎತ್ತಿ, ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆದೆ. ಕೆಳಗಿನ ಗುರುತಿಗಿಂತಲೂ ಒಂದು ಬೆರಳು ಕೆಳಗೆ, ಬರೀ ತುದಿಗೆ ಆಯಿಲ್ ಅಂಟಿತ್ತು. ಗ್ಯಾರೇಜಿನಲ್ಲಿ, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಹಳೆಯ ವಾಷರನ್ನೇ ಮತ್ತೆ ಹಾಕಿದ್ದರು. ಹನಿಹನಿಯಾಗಿ ಲೀಟರಿಗೂ ಮೀರಿ ಸೋರಿತ್ತು. ಇಲ್ಲದ ಆಯಿಲ್‌ಗೆ ಇನ್ನೂ ಏಳು ಸಾವಿರ ಕಿಲೋಮೀಟರ್ ಆಯುಷ್ಯ ಇದೆಯೆಂದು ಮೀಟರ್ ಹೇಳುತ್ತಲೇ ಇತ್ತು. ಆಯಿಲ್ ಡಬ್ಬಿಯ ಗುರುತಿನ ಕೆಂಪು ದೀಪವಿದೆಯಲ್ಲ ಎನ್ನಬೇಡಿ. ಅದು ಹೊತ್ತುವುದು ಒತ್ತಡ ಕುಸಿದಾಗ. ಹೊತ್ತಿದರೆ ರಸ್ತೆ ಬದಿಗೆ ತಂದು ತಕ್ಷಣ ಎಂಜಿನ್ ಆರಿಸಬೇಕೇ ಹೊರತು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗುವಂತಿಲ್ಲ. ತಿಂಗಳಿಗೆರಡು ಸಲ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುವುದಕ್ಕೆ ಬದಲಿ ಇಲ್ಲ. ನೋಡಬೇಕಾದದ್ದು ಮಟ್ಟವನ್ನು, ಬಣ್ಣವನ್ನಲ್ಲ. ಡೀಸೆಲ್ ಕಾರಿನ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿನಲ್ಲಿ ಕಪ್ಪಾಗುತ್ತದೆ, ಮಸಿಯನ್ನು ತನ್ನೊಳಗೆ ಹಿಡಿದಿಡುವುದು ಅದರ ಕೆಲಸವೇ.

ಇದನ್ನೆಲ್ಲ ಓದಿ ಪ್ರತಿಯೊಬ್ಬರೂ ಐದು ಸಾವಿರಕ್ಕೇ ಆಯಿಲ್ ಚೆಲ್ಲಬೇಕಾಗಿಲ್ಲ. ವಾರಕ್ಕೊಮ್ಮೆ 260 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿಬರುವವರ ಕಾರಿನಲ್ಲಿ ಆಯಿಲ್ ಹದವಾಗಿ ಕಾದು, ತೇವ ಕಳೆದುಕೊಂಡು, ಕೈಪಿಡಿ ಹೇಳಿದ 10,000ದವರೆಗೂ ಚೆನ್ನಾಗಿಯೇ ಇರುತ್ತದೆ. ಅವರು ಮೀಟರನ್ನು ನಂಬಿ ನಡೆದರೆ ಏನೂ ಕೆಡುವುದಿಲ್ಲ. ಮೂರು ಸಾವಿರಕ್ಕೆ ಬದಲಿಸಿ ಎನ್ನುವುದು ಹಳೆಯ ಕಾಲದ ಆಯಿಲ್‌ಗೆ ಹುಟ್ಟಿದ ಮಾತು.

ಡೀಸೆಲ್ ಕಾರಿನವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಜಾರಿಯಾದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮದ ನಂತರ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂದಿದೆ. ಅದರ ಮಸಿ ಸುಡಲು ಅನೇಕ ಎಂಜಿನ್‌ಗಳು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಊರೊಳಗಿನ ಓಡಾಟದಲ್ಲಿ ಈ ಸುಡುವಿಕೆ ಅರ್ಧಕ್ಕೇ ನಿಂತರೆ ಸ್ವಲ್ಪ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಅಂಥ ಕಾರಿನಲ್ಲಿ ಡಿಪ್‌ಸ್ಟಿಕ್ ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ, ಕಿಲೋಮೀಟರ್ ಎಷ್ಟೇ ಬಾಕಿಯಿರಲಿ, ಆಯಿಲ್ ತೆಳುವಾಗಿದೆ ಎಂದೇ ತಿಳಿದು ಬದಲಿಸಬೇಕು.

ನಿಮ್ಮ ಕಾರಿಗೆ ಈ ವಾರವೇ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಹಾಕಿಸಿ. ಕೈಪಿಡಿಯಲ್ಲಿ ಬರೆದಿರುವ ದರ್ಜೆಯದೇ ಇರಲಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಕೇಳಿ ಹಾಕಿಸಿ. ಕೆಲಸ ಮುಗಿದ ಮೇಲೆ ಮೀಟರನ್ನು ರೀಸೆಟ್ ಮಾಡಿದ್ದಾರೆಯೇ ಎಂದು ಅಲ್ಲೇ ನೋಡಿಕೊಳ್ಳಿ, ಏಕೆಂದರೆ ಆಯಿಲ್ ಬದಲಾದದ್ದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಹಾಗೆಯೇ, ಆಯಿಲ್ ಮುಟ್ಟದೆ ಬರೀ ಗುಂಡಿ ಒತ್ತಿದರೂ ಅದು 10,000 ಎಂದೇ ತೋರಿಸುತ್ತದೆ. ಹಳೆಯ ಕಾರು ಕೊಳ್ಳುವಾಗ ಆ ಅಂಕಿಗಿಂತ ಬಿಲ್ ನೋಡಬೇಕಾದದ್ದು ಇದಕ್ಕೇ. ನಿಮ್ಮ ಬಿಲ್ಲಿನ ಮೇಲೆ ದಿನಾಂಕ ಮತ್ತು ಕಿಲೋಮೀಟರ್ ಬರೆಸಿ ಇಟ್ಟುಕೊಳ್ಳಿ, ವಾರಂಟಿಯ ಪ್ರಶ್ನೆ ಬಂದರೆ ಅದೇ ಸಾಕ್ಷಿ. ಮುಂದಿನ ಸಲ ಮೀಟರಿನಲ್ಲಿ 5,000 ಬಾಕಿ ಎಂದು ಬಂದಾಗ ಅಥವಾ ಆರು ತಿಂಗಳು ತುಂಬಿದಾಗ, ಯಾವುದು ಮೊದಲೋ ಆಗ, ಗ್ಯಾರೇಜಿಗೆ ಹೋಗಿ.