ತಾರೀಕು ಗೊತ್ತಿಲ್ಲ, ಅಮಾಸಿ ಗೊತ್ತು

ಮರೆವು ಜಾಸ್ತಿಯಾಯಿತು ಅಂತ ಬ್ಯಾಡಗಿಯ ನಮ್ಮ ದೊಡ್ಡವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆವು. "ಇವತ್ತು ತಾರೀಕು ಎಷ್ಟು?" ಅಂದರು ಡಾಕ್ಟರು. "ತಾರೀಕ ಯಾರಿಗೆ ಗೊತ್ರೀ, ನಾಳೆ ಅಮಾಸಿ" ಅಂದಳು ದೊಡ್ಡವ್ವ. ಅಮಾಸಿ ಸರಿಯಾಗೇ ಇತ್ತು. ಅಂಕ ಮಾತ್ರ ಸೊನ್ನೆ. ಆಮೇಲೆ ಒಂದಕ್ಕೊಂದು ಹಾಯ್ದ, ಐದು ಮೂಲೆಯ ಎರಡು ಆಕೃತಿ ತೋರಿಸಿ, ಹೀಗೇ ಬರೀರಿ ಅಂದರು. ದಿನಾ ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕುವ ಕೈ ಅದು. ಆದರೆ ಪೆನ್ಸಿಲ್ ಹಿಡಿದದ್ದು ಅವತ್ತೇ ಮೊದಲು.

ಈ 30 ಅಂಕದ ಮರೆವಿನ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಶಾಲೆ ಕಾಣದವರನ್ನು ಅದರಲ್ಲಿ ಅಳೆದರೆ, ತಪ್ಪಿದ್ದು ಮರೆವಿನಿಂದಲೋ ಓದು ಬಾರದ್ದರಿಂದಲೋ ಹೇಳೋದು ಕಷ್ಟ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ದುಡಿದ ಸಂಶೋಧಕಿ ಮೇರಿ ಗಂಗೂಲಿ ತಂಡ ಇದಕ್ಕೇ ಪ್ರಶ್ನೆಗಳನ್ನು ಬದಲಿಸಿ, 1995ರಲ್ಲಿ ಹಿಂದಿಯ ಪರೀಕ್ಷೆ ತಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿಸಿದ ಪರೀಕ್ಷೆಗಳು ಈಗ ಕನ್ನಡದಲ್ಲೂ ಇವೆ.

1998ರಲ್ಲಿ ಶುರುವಾದ ಒಂದು ಸಂಶೋಧಕರ ಗುಂಪಿನ ಹೆಸರೇ '10/66'. ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದಿಸುವ ಕಾಯಿಲೆ, ಇರುವವರಲ್ಲಿ ಆಗ ನೂರಕ್ಕೆ 66 ಮಂದಿ ಬಡ, ಮಧ್ಯಮ ಆದಾಯದ ದೇಶಗಳಲ್ಲಿದ್ದರು; ಅಲ್ಲಿ ನಡೆಯುತ್ತಿದ್ದ ಸಂಶೋಧನೆ ನೂರಕ್ಕೆ 10ಕ್ಕಿಂತ ಕಡಿಮೆ. ಹೆಸರಲ್ಲೇ ತಕರಾರು! ನಮ್ಮಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಇದು ಜಾಸ್ತಿ.

ಇಲ್ಲಿಯ ಜನರನ್ನು ನೋಡಿದರೆ ಹೊಸದೂ ಸಿಗುತ್ತದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ತಂಡ ಹೈದರಾಬಾದಿನಲ್ಲಿ ಡಿಮೆನ್ಷಿಯಾದ 648 ಜನರನ್ನು ನೋಡಿತು. ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಹಾಗೇ. ಅಂದರೆ ಇದು ಬರೀ ಓದಿನ ಫಲವಲ್ಲ. ಕನ್ನಡ, ಉರ್ದು, ಮರಾಠಿ ಒಂದೇ ಓಣಿಯಲ್ಲಿ ಕೇಳುವ ಹುಬ್ಬಳ್ಳಿಯಲ್ಲಿ ಇದನ್ನು ನೋಡಬೇಕಲ್ವಾ?

ದೊಡ್ಡವ್ವನ ಕಾಯಿಲೆ ಮೊದಲು ಕಂಡದ್ದು ಸೊಸೆಗೆ. ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಮುರಿದವಳು, ಒಂದು ದಿನ ತೊಟ್ಟನ್ನು ಬುಟ್ಟಿಗೆ, ಕಾಯಿಯನ್ನು ಕಸಕ್ಕೆ ಹಾಕುತ್ತ ಕೂತಿದ್ದಳಂತೆ. "ವಯಸ್ಸಾತು, ಅರಳು ಮರಳು ಬಿಡು" ಅಂದರು ಮನೆಯವರು. ಹುಬ್ಬಳ್ಳಿಗೆ ಹೋಗೋ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಅವತ್ತಿನ ಹಾಳೆಯಲ್ಲಿ ಮೆಣಸಿನಕಾಯಿಯ ಪ್ರಶ್ನೆ ಇರಲಿಲ್ಲ, ಸೊಸೆಯನ್ನು ಯಾರೂ ಏನೂ ಕೇಳಲೂ ಇಲ್ಲ.